ಬೆರಳಿಗೆ ಸಿಗುವ ಬೆಟ್ಟಗಳು

ಭಾನುವಾರ, ಮಧ್ಯಾಹ್ನ
ಗೋಳದ ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಅಕ್ಕನಿಗೆ ನಿನ್ನ ಬುಗುರಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದರು, ಹಾಗಾಗಿ ಕ್ಷೇಮ ಕೇಳುವ ನಾಟಕ ಬೇಡ. ಕಣ್ಣಿನ ನಡುವೆ ಕವಿದ ಮಬ್ಬು ಇನ್ನು ತಿಳಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು, ನೀನು ರಾಜೀನಾಮೆ ಬರೆಸಿ ಇಟ್ಟುಕೊಂಡಿರುವುದು, ತಿಂಗಳ ಕೊನೆಗೆ ಶಾಲೆಯಲ್ಲಿ ಕೊಡಲಿರುವುದು, ಎಲ್ಲ ಗೊತ್ತಾಯಿತು. ಕೊಡಬೇಡ ಅಕ್ಕ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಓಡಿದವಳು ಟೀಚರಮ್ಮನಿಗೆ ಶಾಲೆ ಬಿಡಬೇಡ ಎನ್ನುವುದು ನಗೆಪಾಟಲೇ. ಒಮ್ಮೆ ನಕ್ಕುಬಿಡು, ಆಮೇಲೆ ಮುಂದಿನದು ಕೇಳು.

ಇಲ್ಲಿ ನನ್ನ ಕೆಲಸ ಭೂಮಿಗೆ ಚರ್ಮ ಅಂಟಿಸುವುದು. ಬೋಳು ಉಂಡೆಯ ಮೇಲೆ, ಎರಡೂ ತುದಿ ಚೂಪಾದ ಕಾಗದದ ಪಟ್ಟಿಗಳನ್ನು ಗೋಂದು ಹಚ್ಚಿ ಒಂದರ ಪಕ್ಕ ಒಂದು ಕೂರಿಸಬೇಕು. ಒದ್ದೆ ಕಾಗದ ಹಿಗ್ಗುತ್ತದೆ. ಎಷ್ಟೇ ಹುಷಾರಾಗಿದ್ದರೂ ಕೊನೆಯ ಪಟ್ಟಿ ಮೊದಲನೆಯದರ ಮೇಲೆ ಹತ್ತಿ ಕೂರುತ್ತದೆ. ಅದಕ್ಕೇ ಇಲ್ಲಿ ಎಲ್ಲರೂ ಪೆಸಿಫಿಕ್ ಸಾಗರದ ನಡುವಿನಿಂದ ಶುರು ಮಾಡುವುದು, ಎಡವಟ್ಟೆಲ್ಲ ನೀರಿನ ಪಾಲಾಗಲಿ ಎಂದು. “ಅಷ್ಟು ದೊಡ್ಡ ಸಮುದ್ರ ಇರೋದೇ ನಮ್ಮಂಥೋರ ಮಾನ ಕಾಪಾಡೋಕೆ ಕಣೇ” ಎನ್ನುತ್ತಾರೆ ನಮ್ಮ ಯಜಮಾನಿ.

ಭಾವನ ಫೋನು ಬಂದ ಮೇಲೆ, ಬೆರಳಿನಿಂದ ಓದುವ ಗೋಳ ಒಂದನ್ನು ಅಕ್ಕನಿಗೆ ಮಾಡಿಕೊಡಲೇ ಎಂದು ಯಜಮಾನಿಯನ್ನು ಕೇಳಿದೆ. ಒಪ್ಪಿದರು. ಆದರೆ ಮೊದಲ ದಿನವೇ ಜಗಳವಾಯಿತು. ಅವರು ಮರದ ಹೊಟ್ಟು, ಗೋಂದು ಕಲಸಿ ಹಿಮಾಲಯವನ್ನು ಗುಡ್ಡೆ ಹಾಕಿದರು. ಅದು ಸುಳ್ಳು ಎಂದೆ ನಾನು. ನೀನೇ ಹೇಳಿದ್ದೆಯಲ್ಲ, ಭೂಮಿಯನ್ನು ಇಷ್ಟು ಚಿಕ್ಕದು ಮಾಡಿದರೆ ಅತಿ ಎತ್ತರದ ಶಿಖರವೂ ಎರಡು ಹಾಳೆಯಷ್ಟು ದಪ್ಪ ಇದ್ದರೆ ಹೆಚ್ಚು ಎಂದು. ಹಟ ಹಿಡಿದು ಹಾಗೆಯೇ ಮಾಡಿದೆ. ಯಜಮಾನಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಗೋಳವನ್ನು ಕೈಗೆ ಕೊಟ್ಟರು.

ಅಕ್ಕ, ನನಗೆ ಏನೂ ಸಿಗಲಿಲ್ಲ. ಇಡೀ ಭೂಮಿ ಒಂದು ನುಣ್ಣನೆಯ ಬೋಳುತಲೆ! ಎಷ್ಟೋ ಹೊತ್ತಿನ ಮೇಲೆ, ಉತ್ತರದಿಂದ ದಕ್ಷಿಣಕ್ಕೆ ಹೋಗುವ ತೆಳ್ಳನೆಯ ಏರು ಒಂದು ತಗುಲಿತು. “ಸಿಕ್ತು! ಅಟ್ಲಾಂಟಿಕ್ ಸಮುದ್ರದ ಕೆಳಗಿರೋ ಬೆಟ್ಟದ ಸಾಲು! ನಮ್ಮಕ್ಕ ಹೇಳಿಕೊಟ್ಟಿದ್ದು!” ಎಂದು ಕುಣಿದೆ. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಹುಚ್ಚುಹುಡುಗಿ, ಅದು ನೀನೇ ಅಂಟಿಸಿದ ಕಾಗದದ ಅಂಚು. ನಿನ್ನ ಕೈ ಇರೋದು ಪೆಸಿಫಿಕ್ಕಲ್ಲಿ. ಕೈಗೆ ಸಿಗದ ನಿಜ ತಗೊಂಡು ನಿಮ್ಮಕ್ಕ ಏನು ಮಾಡ್ತಾಳೆ?”

ನಾನು ಸೋತೆ. ಬೆಟ್ಟಗಳನ್ನು ಬೆಳೆಸಿದೆ. ಈ ಕಾಗದದ ಜೊತೆ ಗೋಳ ಬರುವ ಪೆಟ್ಟಿಗೆಯ ಮೇಲೆ ಮಾತ್ರ ‘ಎತ್ತರಗಳು ಬೆರಳಿಗಾಗಿ ಹೆಚ್ಚಿಸಿದ್ದು’ ಎಂದು ಬರೆದಿದ್ದೇನೆ. ಅಷ್ಟು ಹಟ ನನಗಿರಲಿ. ಅಂಚನ್ನು ಉಜ್ಜಿ ನುಣುಪು ಮಾಡಿದೆ. ಅಟ್ಲಾಂಟಿಕ್ಕಿನ ಆ ಸಾಲಿಗೆ ನಿಜವಾಗಿಯೂ ದಾರ ಕೂರಿಸಿದೆ. ಐಸ್‌ಲ್ಯಾಂಡಿನ ಹತ್ತಿರ ಅದು ನೀರಿನಿಂದ ತಲೆ ಎತ್ತುವುದು ನಿನ್ನ ಬೆರಳಿಗೆ ಸಿಗುತ್ತದೆ.

ಆ ದಾರ ಕೂರಿಸುವಾಗ ನಿನ್ನ ಪಾಠಗಳೇ ನೆನಪಾದವು. ಮಂಚದ ಹೊದಿಕೆಯನ್ನು ಎರಡೂ ಕಡೆಯಿಂದ ತಳ್ಳಿ, ಎದ್ದ ಮಡಿಕೆ ತೋರಿಸಿ, ಪರ್ವತ ಹುಟ್ಟುವುದು ಹೀಗೆ ಎಂದಿದ್ದೆ. ಅಮ್ಮ ಬೈದಳು, ನೀನು ಇನ್ನೊಂದು ಪರ್ವತ ಎಬ್ಬಿಸಿದೆ. ಸಮುದ್ರದಡಿಯ ಬೆಟ್ಟಗಳನ್ನು ಹಗ್ಗ ಇಳಿಬಿಟ್ಟು, ಸದ್ದು ಕಳಿಸಿ ಅದರ ಮಾರ್ದನಿ ಕೇಳಿ ಕಂಡುಕೊಂಡರು ಎಂದೆ. ಭೂಮಿಯ ಗರ್ಭವನ್ನು ಯಾರೂ ಕಣ್ಣಾರೆ ನೋಡಿಲ್ಲ, ಭೂಕಂಪದ ಅಲೆಗಳು ಎಲ್ಲಿ ಬಾಗಿದವು, ಎಲ್ಲಿ ನಿಂತವು ಎಂದು ನೋಡಿಯೇ ತಿಳಿದರು ಎಂದೆ. ನಿನ್ನ ವಿದ್ಯೆಯಲ್ಲಿ ಅರ್ಧಕ್ಕರ್ಧ ಕಣ್ಣಿಗೆ ಕಾಣದ್ದೇ ಅಲ್ಲವೇ ಅಕ್ಕ?

ಇನ್ನೊಂದು ಮಾತು. ಕೊನೆಯ ಬೆಂಚಿನ ನಮ್ಮ ಮೇಲೆ ಕಣ್ಣಿಡಲು ನೀನು ತರಗತಿಯ ಕಡೆ ಮುಖ ಮಾಡಿ ನಿಂತು, ಕೈಯನ್ನು ಹಿಂದಕ್ಕೆ ಚಾಚಿ, ಬೋರ್ಡಿನ ಮೇಲೆ ಆಫ್ರಿಕಾ ಬರೆಯುತ್ತಿದ್ದೆ. ತಿರುಗಿಯೂ ನೋಡುತ್ತಿರಲಿಲ್ಲ. ನಾನು ಬಾಯಿ ತೆರೆದುಕೊಂಡು ಕೂತಿರುತ್ತಿದ್ದೆ. ಆಗಲೂ ನಿನಗೆ ಕಣ್ಣು ಬೇಕಾಗಿದ್ದದ್ದು ನಮಗಾಗಿ, ಆಫ್ರಿಕಾಕ್ಕಲ್ಲ. ನೀನು ಬೇಕೆಂದೇ ದಿನಕ್ಕೊಂದು ತಪ್ಪು ಬರೆಯುತ್ತಿದ್ದೆ. ಹಿಡಿದವರ ಕೈಗೆ ಸೀಮೆಸುಣ್ಣ ಕೊಟ್ಟು ತಿದ್ದಿಸುತ್ತಿದ್ದೆ. ಶಾಲೆಯಲ್ಲಿ ನಾನು ಗೆದ್ದದ್ದು ಅದೊಂದನ್ನೇ.

ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಉತ್ತರಪತ್ರಿಕೆ ತಿದ್ದಲು ಯಾರಾದರೂ ಬೇಕಾಗುತ್ತಾರೆ. ಕೊನೆಯ ಬೆಂಚು ನಿನ್ನನ್ನು ಏಮಾರಿಸುತ್ತದೆ, ನಾನಿದ್ದಿದ್ದರೆ ನಾನೂ ಏಮಾರಿಸುತ್ತಿದ್ದೆ. ಆದರೂ, ಒಂದು ಕಡೆ ನಿಲ್ಲದ ನಾನು ಈ ಗೋಳದ ಮುಂದೆ ಕದಲದೆ ಕೂತೆ ಎಂದರೆ, ಅದು ನೀನು ಕಲಿಸಿದ್ದರ ತಾಕತ್ತು. ಅಂಥ ಟೀಚರನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡ.

ಭಾವನಿಗೆ ನಮಸ್ಕಾರ.

ಇಂತಿ,
ನಿನ್ನ ತಂಗಿ,
ಬುಗುರಿ

ಮರೆತಿದ್ದೆ: ಈ ಗೋಳದಲ್ಲಿ ಒಂದು ತಪ್ಪಿದೆ, ಬೇಕೆಂದೇ ಮಾಡಿದ್ದು. ಎಲ್ಲಿ ಎಂದು ಹೇಳುವುದಿಲ್ಲ. ಭಾವ, ಇದನ್ನು ಓದಿ ಹೇಳುತ್ತಿರುವವರು ನೀವೇ ಎಂದು ಗೊತ್ತು, ದಯವಿಟ್ಟು ಹುಡುಕಿಕೊಡಬೇಡಿ. ಪೆಟ್ಟಿಗೆಯ ತಳದಲ್ಲಿ, ಹುಲ್ಲಿನ ಕೆಳಗೆ, ಒಂದು ಹೊಸ ಸೀಮೆಸುಣ್ಣ ಇಟ್ಟಿದ್ದೇನೆ. ತಪ್ಪು ಹಿಡಿದವರಿಗೆ.