ಶನಿವಾರ ಮಧ್ಯಾಹ್ನದ ಹಲ್ಲಿನ ಆಸ್ಪತ್ರೆ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಮುದ್ದು ಮಗಳೇ,

ಹೇಗಿದ್ದೀಯೆ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಕೈ ಸುಟ್ಟುಕೊಂಡಿದ್ದೆಯಲ್ಲ, ಗಾಯ ಮಾಗಿತೇ? ಅಲೆ ಜೋರಾದಾಗ ಒಲೆಯ ಹತ್ತಿರ ನಿಲ್ಲಬೇಡ ಎಂದರೆ ನಗುತ್ತೀಯ, ಆದರೂ ಹೇಳುತ್ತೇನೆ. ನನ್ನ ಮಂಡಿನೋವು ಹಾಗೇ ಇದೆ, ನನ್ನನ್ನು ಬಿಟ್ಟಿರಲು ಅದಕ್ಕೆ ಮನಸ್ಸಿಲ್ಲ.

ಸುದ್ದಿಯೆಲ್ಲ ನಿನ್ನ ಮಗಳದು. ಗುಬ್ಬಿ ಕೆಲವು ತಿಂಗಳಿಂದ ಒಂದೇ ದವಡೆಯಲ್ಲಿ ಅಗಿಯುತ್ತಿದ್ದಳು, ತಣ್ಣೀರು ಮುಟ್ಟುತ್ತಿರಲಿಲ್ಲ. ಕೇಳಿದರೆ "ಏನಿಲ್ಲಜ್ಜಿ" ಅನ್ನುವಳು. ಹದಿನಾರರ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಾನೂ ಸುಮ್ಮನಿದ್ದೆ. ಒಂದು ದಿನ ಪಾಠದ ನಡುವೆಯೇ ಶಾಲೆಯಿಂದ ನೇರ ಅಲ್ಲಿಗೆ ಹೋಗಿ ಫೋನು ಮಾಡಿದಳು: "ಅಜ್ಜಿ, ಸರ್ಕಾರಿ ಹಲ್ಲಿನ ಆಸ್ಪತ್ರೇಲಿದ್ದೀನಿ. ದೊಡ್ಡವರು ಯಾರಾದ್ರೂ ಬರಬೇಕಂತೆ, ಬರ್ತೀಯಾ?" ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದೆ. ಎರಡೂ ಎಡಗಾಲಿನದೇ ಎಂದು ಗೊತ್ತಾದದ್ದು ಅಲ್ಲಿ ಬೆಂಚಿನ ಮೇಲೆ ಕೂತ ಮೇಲೆ.

ದವಡೆ ಹಲ್ಲು ಒಳಗೇ ಹುಳುಕಾಗಿತ್ತು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: "ಕಿತ್ತರೆ ಇವತ್ತೇ ಮುಗಿಯುತ್ತೆ. ಉಳಿಸೋದಾದ್ರೆ ಮತ್ತೆ ಮತ್ತೆ ಬರಬೇಕು. ಈ ವಯಸ್ಸಿನವರು ನೋವು ನಿಂತ ತಕ್ಷಣ ಈ ಕಡೆ ತಲೆ ಹಾಕಲ್ಲ." ಬೋಳು ಒಸಡಿನ ನಾನು "ಕಿತ್ತುಬಿಡಿ ತಾಯಿ" ಅಂದೆ. ಗುಬ್ಬಿ ಕುರ್ಚಿಯಲ್ಲಿ ಎದ್ದು ಕೂತಳು. "ಅಜ್ಜಿ, ಬಾಯಿ ನಂದು. ಉಳಿಸಿ ಡಾಕ್ಟ್ರೇ, ನಾನು ಬರ್ತೀನಿ." ಹಾಗಂದವಳೇ ಹಿಂದಕ್ಕೊರಗಿ ತಾನೇ ಬಾಯಿ ತೆರೆದಳು ಕಣೇ.

ಹೇಳಿದಂತೆ ಹೋದಳು. ಪ್ರತಿ ಸಲವೂ ಪಾಠ ತಪ್ಪುತ್ತಿತ್ತು. ಗೆಳತಿಯರಿಗೂ ಹಲ್ಲುನೋವಿದೆ, ಆದರೆ ಶಾಲೆ ಬಿಡುವಷ್ಟರಲ್ಲಿ ಆಸ್ಪತ್ರೆ ಬಾಗಿಲು ಹಾಕಿರುತ್ತದೆ. ಕೊನೆಯ ಸಲ ಅರ್ಧ ಬಾಯಿ ಮರಗಟ್ಟಿದ್ದರೂ ಇವಳು ಹಿರಿಯ ಡಾಕ್ಟರ ಕೋಣೆಗೇ ನುಗ್ಗಿದಳು. "ನಾವು ಬರಲ್ಲ ಅಂತೀರಲ್ಲ ಸಾರ್, ನಾವು ಬರೋ ಹೊತ್ತಿಗೆ ನೀವೆಲ್ಲಿರ್ತೀರಿ?" ನಾನು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು, ಕೂರಲು ಹೇಳಿದರು. ಈಗ ಶನಿವಾರ ಮಧ್ಯಾಹ್ನ ಶಾಲೆ ಮಕ್ಕಳಿಗೆಂದೇ ಆಸ್ಪತ್ರೆ ತೆರೆದಿರುತ್ತದೆ! ನಿನ್ನೆ ಮೊದಲ ದಿನ. ಬೆಂಚೆಲ್ಲ ತುಂಬಿ ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ಹೆದರಿ ಅಳುತ್ತಿದ್ದವಳೊಬ್ಬಳ ಪಕ್ಕ ಗುಬ್ಬಿ ನಿಂತು, "ಸೂಜಿ ಇರುವೆ ಕಚ್ಚಿದ ಹಾಗೆ, ಸುಳ್ಳು ಹೇಳಲ್ಲ, ಸ್ವಲ್ಪ ದೊಡ್ಡ ಇರುವೆ" ಅನ್ನುತ್ತಿದ್ದಳು. ಯಾರೋ "ಆ ಹುಡುಗಿ ಯಾರು?" ಎಂದು ಕೇಳಿದರು. ನನ್ನ ಮೊಮ್ಮಗಳು ಅಂದೆ. ಕೇಳದವರಿಗೂ ಹೇಳಿದೆ.

ಊರಿಗೆಲ್ಲ ಬಡಿಸಿ ನೀನು ಹಸಿದಿರಬೇಡ. ಹೋದ ಕಡೆಯೆಲ್ಲ ನಿನಗೆ ಒಳ್ಳೆಯದೇ ಎದುರಾಗಲಿ.

ನಿನ್ನ ಅಮ್ಮ

ಲಕೋಟೆ ಅಂಟಿಸುವ ಮುಂಚೆ: ನೋವು ಮುಚ್ಚಿಟ್ಟದ್ದೇಕೆ ಎಂದು ರಾತ್ರಿ ಕೇಳಿದೆ. "ಅಮ್ಮಂಗೆ ಗೊತ್ತಾದ್ರೆ ಹಡಗು ಬಿಟ್ಟು ಬಂದುಬಿಡ್ತಾಳೆ. ಅವಳಿಗೆ ಆ ಕೆಲಸ ಎಷ್ಟು ಇಷ್ಟ ಗೊತ್ತಾ?" ಅಂದಳು. ಆದ್ದರಿಂದ ಫೋನು ಮಾಡಿದಾಗ ಬೈಯಬೇಡ, ಬರುತ್ತೇನೆ ಅಂತಲೂ ಅನ್ನಬೇಡ. ಭೇಷ್ ಅನ್ನು, ಸಾಕು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ನಾನೆಲ್ಲಿ ಹೇಳಿದೆ? ಬರೆದೆ ಅಷ್ಟೇ.