ಅವನ ಫೋನು ಕಿಣಿ ಅಂದಾಗ

ಮನೆಯಿಂದ
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ನನ್ನ ಬಂಗಾರದಂಥ ಸೊಸೆಗೆ,

ಹೇಗಿದ್ದೀಯಮ್ಮ? ಕೈ ನೋವು ಇಳೀತಾ? ಪಟ್ಟಿ ಬಿಚ್ಚಿದರೂ ಸ್ವಲ್ಪ ದಿನ ಭಾರ ಎತ್ತಬೇಡ. ನಮ್ಮ ಚಿಲ್ಟು ನಿದ್ದೇಲಿ ಬೆಚ್ಚಿ ಬೀಳೋದು ನಿಂತಿತಾ? ಅವಳಿಗೆ ಹುಷಾರಿಲ್ಲ ಅಂತ ಕಾಣುತ್ತೆ, ನೀನು ಎರಡು ಸಲ ಔಷಧಿ ಅಂಗಡಿಗೆ ಹೋಗಿದ್ದೆಯಲ್ಲ. ಇಲ್ಲಿ ಕೂತ ನನಗೆ ಹೇಗೆ ಗೊತ್ತಾಯ್ತು ಅಂತ ಎದೆ ಧಸಕ್ ಅಂತಾ? ಅನ್ನಲಿ. ಅದಕ್ಕೇ ಬರೀತಿದ್ದೀನಿ.

ನನ್ನ ಮಗ ನಿನ್ನ ಕೈಗೆ ಆ ಬ್ಯಾಂಕ್ ಕಾರ್ಡು ಕೊಟ್ಟಾಗ ನಾನು ಎಷ್ಟು ಹಿಗ್ಗಿದ್ದೆ! ನಿಮ್ಮ ಮಾವ ನನಗೆ ತರಕಾರಿಗೂ ಎಣಿಸಿ ಕೊಡುತ್ತಿದ್ದರು, ಚಿಲ್ಲರೆ ಕಮ್ಮಿ ಬಂದರೆ ಮೈಮೇಲೇ ಬರುತ್ತಿದ್ದರು. ಮಗ ಅಪ್ಪನ ಹಾಗಲ್ಲ, ಹೆಂಡತಿ ಕೈಗೆ ಕಾರ್ಡನ್ನೇ ಕೊಟ್ಟಿದ್ದಾನೆ ಅಂತ ಪಕ್ಕದ ಮನೆ ಟೈಲರಮ್ಮನ ಕಿವಿ ತೂತು ಬೀಳೋ ಹಾಗೆ ಹೇಳಿದ್ದೆ. ಊಟಕ್ಕೆ ಕೂತಾಗ 'ಬೇಕರಿಗೆ ಯಾರ ಜೊತೆ ಹೋಗಿದ್ದೆ?' ಅಂತ ಅವನು ನಗುತ್ತಾ ಕೇಳಿದರೆ, ನಿನ್ನ ಕೈಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ನನಗೆ ಆಗ ಹೊಳೀಲಿಲ್ಲ. ನೋಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋದರೆ ಮುಗೀತು, ಹಿಂದಿರುಗಿ ಚಾಡಿ ಹೇಳಲ್ಲ. ಕಾರ್ಡು ನಿನ್ನ ಪರ್ಸಿನಲ್ಲಿ ಕೂತೇ ಅವನ ಕಿವೀಲಿ ಊದುತ್ತೆ.

ನೀನು ಮಗೂನ ಕರಕೊಂಡು ಮನೆ ಬಿಟ್ಟ ಮೇಲೆ ಅವನು ಕೂಗಾಡಲಿಲ್ಲ. ನನಗೆ ಅದೇ ಭಯ. ನೀಟಾಗಿ ಇಸ್ತ್ರಿ ಮಾಡಿಕೊಂಡು ಆಫೀಸಿಗೆ ಹೋಗ್ತಾನೆ, ಬಂದು ತಟ್ಟೆ ಪಕ್ಕ ಫೋನಿಟ್ಟು ಕಾಯ್ತಾನೆ. ಕಿಣಿ ಅಂತ ಬ್ಯಾಂಕಿನ ಮೆಸೇಜು ಬಂದರೆ ಗಟ್ಟಿಯಾಗಿ ಓದ್ತಾನೆ. ಔಷಧಿ ಅಂಗಡಿ. ಮಕ್ಕಳ ಚಪ್ಪಲಿ ಅಂಗಡಿ. ನಿನ್ನೆ ಮತ್ತೆ ಔಷಧಿ ಅಂಗಡಿ. 'ಎರಡೂ ಒಂದೇ ಬೀದಿಯಮ್ಮ' ಅಂದ. ಕಾರ್ಡು ನಿಂತರೆ ನಿನಗೂ ಸುಳಿವು ಸಿಗುತ್ತೆ ಅಂತ, 'ಅದನ್ನ ಬಂದ್ ಮಾಡಿಸೋ, ನಿನ್ನ ದುಡ್ಡು ಯಾಕೆ ಪೋಲು?' ಅಂದೆ. 'ಇರಲಿ ಬಿಡಮ್ಮ, ಪಾಪ, ಖರ್ಚು ಮಾಡಲಿ' ಅಂತ ನೀರು ಕುಡಿದ.

ಆ ಕಾರ್ಡನ್ನ ಈಗಲೇ ಕತ್ತರಿಸಿ ಹಾಕು. ಇದರ ಜೊತೆ ಕಳಿಸ್ತಿರೋ ಚಿಲ್ಟು ಸ್ವೆಟರಿನ ತೋಳಿನ ಮಡಿಕೆಯಲ್ಲಿ ನೋಟು ಇಟ್ಟು ಹೊಲಿದಿದ್ದೀನಿ. ನನ್ನ ಹೊಲಿಗೆ ಮಷೀನು ಟೈಲರಮ್ಮ ಕೊಂಡಳು, ಅದರ ದುಡ್ಡೇ ಇದು; ರಿಪೇರಿಗೆ ಹೋಗಿದೆ ಅಂತ ಅವನಿಗೆ ಹೇಳಿದ್ದೀನಿ. ಆ ಕಡೆ ಬರೋ ಬಸ್ಸಿನ ಡ್ರೈವರು ಟೈಲರಮ್ಮನ ಅಣ್ಣ, ಇವತ್ತು ರಾತ್ರಿಯೇ ಇದನ್ನ ನಿನ್ನ ಕೈಗೆ ಮುಟ್ಟಿಸ್ತಾನೆ. ನೀನು ಅವರಿಗೆ ಕೊಟ್ಟಿರೋ ವಿಳಾಸ ಅವರಿಬ್ಬರಲ್ಲೇ ಇರಲಿ. ನನಗೆ ಗೊತ್ತಾದರೆ ನನ್ನ ಮುಖವೇ ಹೇಳಿಬಿಡುತ್ತೆ.

ಮಗು ಕೆನ್ನೆಗೆ ಅಜ್ಜಿ ಮುತ್ತು ಕೊಡು. ಎಲ್ಲಿದ್ದರೂ ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ಇತಿ,
ನಿನ್ನ ಅತ್ತೆ

ತಾ.ಕ.: ಈಗಷ್ಟೇ ಅವನ ಫೋನು ಬಂತು. ರಜ ಹಾಕಿದ್ದಾನೆ. ನಾಳೆ ಬೆಳಿಗ್ಗೆ ಹೊರಟು, ಮಗು ಫೋಟೋ ತೋರಿಸಿ ಆ ಬೀದೀಲಿ ಮನೆ ಮನೆ ಕೇಳ್ತಾನಂತೆ. 'ನೀನೂ ಬಾಮ್ಮ, ನಿನ್ನ ದನಿ ಕೇಳಿದರೆ ಬಾಗಿಲು ತೆಗೀತಾಳೆ' ಅಂದ. ಬರ್ತೀನಿ ಅಂದೆ, ಒಬ್ಬನೇ ಬರೋದಕ್ಕಿಂತ ನಾನು ನಡುವೆ ಇರೋದು ವಾಸಿ. ಇವತ್ತು ರಾತ್ರಿಯೇ ಆ ಕೋಣೆ ಬಿಡು. ಆಗದಿದ್ದರೆ, ನಾಳೆ ನಾನು ಹೊರಗೆ ನಿಂತು ಅತ್ತು ಕರೆದರೂ ಬಾಗಿಲು ತೆಗೀಬೇಡ.