ಎಂಜಿನ್ನಿಗೆ ಮಂಜೂರಾತಿ, ಮಕ್ಬೂಲರಿಗೆ ಕಳ್ಳನ ಪಟ್ಟ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನನ್ನ ಹಳೆಯ ಕಾರಿಗೆ ಕೂಡಿಸಿದ ಹೊಸ ಎಂಜಿನ್ನಿಗೆ ತಾವು ಮಂಜೂರಾತಿ ಕೊಟ್ಟಿದ್ದೀರಿ. ಕಾಗದ ಮುಟ್ಟಿತು, ಸಂತೋಷ. ಆದರೆ ಆ ಎಂಜಿನ್ ಕೂಡಿಸಿದ ಬಸವಕಲ್ಯಾಣದ ಮೆಕ್ಯಾನಿಕ್ ಮಕ್ಬೂಲರನ್ನು ತಮ್ಮ ಕಚೇರಿಯ ಅಂಗಳದಲ್ಲಿ, ತುಂಬಿದ ಜನರೆದುರು ಕಳ್ಳ ಎಂದಿರಲ್ಲ, ಆ ಮಾತನ್ನು ಹಿಂದಕ್ಕೆ ಪಡೆದ ಕಾಗದ ಯಾವ ಟಪಾಲಿನಲ್ಲಿ ಬರುತ್ತದೆ? ಖಾಸಗಿಯಾಗಿ ಕೇಳಿ ನೋಡಿದೆ, ಉತ್ತರವಿಲ್ಲ. ಅದಕ್ಕೇ ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಹುಮನಾಬಾದಿನ ಕಾಳಿನ ವ್ಯಾಪಾರಿಯೊಬ್ಬರ ಹೆಂಡತಿ. ನಮ್ಮ ಮನೆಯವರು ಬಸವಣಪ್ಪನವರು ಎಪ್ಪತ್ತರ ದಶಕದಲ್ಲಿ ಹೈದರಾಬಾದಿನಿಂದ ಒಂದು ಜರ್ಮನ್ ಕಾರು ತಂದರು. ಆಮೆಯ ಬೆನ್ನಿನಂಥ ಮೈ, ಎಂಜಿನ್ ಹಿಂಬದಿಗೆ. ಸ್ಟೇರಿಂಗ್ ಹಿಡಿಯಲು ಅವರಿಗೆ ಅಂಜಿಕೆ, ಹಾಗಾಗಿ ನಾನು ಕಲಿತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಟಗುಪ್ಪದ ಸಂತೆಗೂ ಹಳ್ಳಿಖೇಡದ ತವರಿಗೂ ಓಡಿಸಿದೆ. ಕೊನೆಗೆ ಅವರನ್ನು ಸೊಲ್ಲಾಪುರದ ಆಸ್ಪತ್ರೆಗೆ ಒಯ್ದದ್ದೂ ಅದರಲ್ಲೇ. ಅವರು ತೀರಿಕೊಂಡ ಮರುವರ್ಷ ಎಂಜಿನ್ ಜಾಮಾಯಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಗುಜರಿಗೆ ಹಾಕೆಂದು ಬೀಗರೆಲ್ಲ ಬುದ್ಧಿ ಹೇಳಿದರು. ಮಕ್ಬೂಲರು ಮಾತ್ರ ಹಿಂದಿನ ಮುಚ್ಚಳ ಎತ್ತಿ ನೋಡಿ, "ಅಕ್ಕಾ, ಮೈ ಗಟ್ಟಿ ಅದ. ಎಂಜಿನ್ ಬದಲಿ ಮಾಡಿದ್ರ ಇನ್ನೂ ಭಾಳ ದಿನ ಓಡ್ತದ" ಎಂದರು.

ಮನ್ನಾಏಖೇಳ್ಳಿ ಹತ್ತಿರ ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಗುದ್ದಿ ನಜ್ಜುಗುಜ್ಜಾದ ಜಪಾನಿ ಕಾರೊಂದನ್ನು ವಿಮೆಯವರು ಹರಾಜಿಗಿಟ್ಟಿದ್ದರು. ಅದನ್ನು ನನ್ನ ಹೆಸರಿನಲ್ಲೇ ಕೊಂಡೆ. ಅದರ ಎಂಜಿನ್ನೂ ನಮ್ಮ ಹಳೆಯದರ ಜಾತಿಯದೇ, ಬಾಕ್ಸರ್. ಸಿಲಿಂಡರುಗಳು ನೆಟ್ಟಗೆ ನಿಲ್ಲದೆ ಎದುರುಬದುರು ಅಡ್ಡ ಮಲಗಿರುತ್ತವೆ. ಹಳೆಯದು ಗಾಳಿಗೆ ತಂಪಾಗುತ್ತಿತ್ತು, ಇದಕ್ಕೆ ನೀರು ಬೇಕು. ವೆಲ್ಡರ್ ಸಂಘಪಾಲ ಮುಂಬದಿಯಲ್ಲಿ ರೇಡಿಯೇಟರಿಗೆ ಜಾಗ ಮಾಡಿಕೊಟ್ಟ. ಕೆಲಸ ಶುರುಮಾಡುವ ಮೊದಲೇ ತಮ್ಮ ಕಚೇರಿಗೆ ಅರ್ಜಿ ಕೊಟ್ಟೆ. "ಕೂಡಿಸ್ಕೊಂಡು ಬರ್ರಿ, ಆಮ್ಯಾಲ ನೋಡೋಣು" ಎಂದು ತಮ್ಮವರೇ ಹೇಳಿ ಕಳಿಸಿದರು.

ಕೂಡಿಸಿಕೊಂಡು ಬಂದೆವು. ಮಾನ್ಯರೇ, ಯಾರೂ ನಮ್ಮನ್ನು ಬೆನ್ನಟ್ಟಿ ಹಿಡಿಯಲಿಲ್ಲ. ನಾನು ಓಡಿಸಿದೆ, ಮಕ್ಬೂಲರು ಪಕ್ಕದಲ್ಲಿದ್ದರು, ತಮ್ಮ ಗೇಟಿನೊಳಗೆ ನಾವಾಗಿಯೇ ಬಂದೆವು. ಕದ್ದ ಮಾಲನ್ನು ಹಗಲುಹೊತ್ತಿನಲ್ಲಿ ಸರ್ಕಾರದ ಮುಂದೆ ತಂದು "ತಪಾಸು ಮಾಡ್ರಿ" ಎನ್ನುವ ಕಳ್ಳನನ್ನು ತಮ್ಮ ಇಡೀ ಸರ್ವಿಸ್ಸಿನಲ್ಲಿ ಎಲ್ಲಾದರೂ ಕಂಡಿದ್ದೀರಾ? ಎಂಜಿನ್ ನಂಬರು ಆರ್‌ಸಿ ಬುಕ್ಕಿಗೆ ತಾಳೆಯಾಗುತ್ತಿಲ್ಲ ಎಂದಿರಿ. ಬೇರೆ ಎಂಜಿನ್ನಿಗೆ ಹಳೆಯ ನಂಬರು ಹೇಗೆ ಇದ್ದೀತು? ಆಮೇಲೆ ಮೆಕ್ಯಾನಿಕ್‌ನ ಹೆಸರು ಕೇಳಿದಿರಿ. ಹೆಸರು ಕಿವಿಗೆ ಬಿದ್ದ ಮೇಲೆ ತಮ್ಮ ದನಿಯೇ ಬದಲಾಯಿತು, ಅವರತ್ತ ತಿರುಗಿದಿರಿ.

"ಎಲ್ಲಿಂದ ಕದ್ದಿ?"

"ಕಾಗದ ನನ್ನ ಹತ್ರ ಅದಾವ್ರಿ, ನನ್ನ ಕೇಳ್ರಿ" ಎಂದು ನಾನು ಹೇಳಿದೆ.

"ನೀವು ಸುಮ್ಮ ಕೂಡ್ರಿ, ಗಿರಿಜಾಬಾಯಿಯವರ. ಈ ಕಳ್ಳ ನಿಮಗ ಮೋಸ ಮಾಡ್ಯಾನ."

ಹರಾಜಿನ ರಸೀದಿಯನ್ನು ತಮ್ಮ ಮೇಜಿನ ಮೇಲಿಟ್ಟೆ, ತಾವು ಕಣ್ಣೆತ್ತಿಯೂ ನೋಡಲಿಲ್ಲ. ಪೊಲೀಸ್ ಜೀಪು ಬಂತು. ಮಾಲು ಕೊಂಡವಳು ನಾನು, ಕಾರು ನನ್ನದು, ಜೀಪು ಹತ್ತಿದವರು ಮಕ್ಬೂಲರು. ಇದು ಮೋಟಾರು ವಾಹನ ಕಾಯ್ದೆಯ ಯಾವ ಕಲಮು? ತಾವು ಅವರನ್ನು ಏಕವಚನದಲ್ಲಿ ಕರೆದಿರಿ. ನಾನು ಬಹುವಚನದಲ್ಲೇ ಬರೆಯುತ್ತೇನೆ.

ಹರಾಜು ನಿಜವೆಂದು ವಿಮೆಯವರ ಉತ್ತರ ಬಂದ ಮೇಲೆ ಪೊಲೀಸರು ಅವರನ್ನು ಬಿಟ್ಟರು. ಅಷ್ಟರಲ್ಲಿ ಎಂಜಿನ್ ಕಳ್ಳರ ಜಾಲ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದಿತ್ತು. ಲಾರಿ ಮಾಲೀಕರು ಒಬ್ಬೊಬ್ಬರಾಗಿ ಬಂದು, ರಿಪೇರಿ ಅರ್ಧವಾಗಿದ್ದ ಗಾಡಿಗಳನ್ನೂ ಅವರ ಶೆಡ್ಡಿನಿಂದ ಎಳೆಸಿಕೊಂಡು ಹೋದರು. ಯಾರೂ ಬೈಯಲಿಲ್ಲ. ಸಲಾಮು ಮಾತ್ರ ನಿಂತುಹೋಯಿತು. ದೀಪಾವಳಿಯ ಹೊತ್ತಿಗೆ ಶೆಡ್ಡಿಗೆ ಬೀಗ ಬಿತ್ತು.

ಈಗ ಅವರು ಸೊಲ್ಲಾಪುರದಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ಕೂಲಿಗಿದ್ದಾರೆ. ತಮ್ಮ ಮಂಜೂರಾತಿ ಬಂದ ವಾರ ಅದೇ ಕಾರಿನಲ್ಲಿ ಹೋಗಿ ಕಂಡೆ. ಚಹಾ ತರಿಸಿದರು. ಹಿಂದಿನ ಮುಚ್ಚಳ ಎತ್ತಿ, ಎಂಜಿನ್ನಿನ ಸಪ್ಪಳ ಕೇಳಿ, ಬೆಲ್ಟು ಸ್ವಲ್ಪ ಬಿಗಿ ಮಾಡಿಕೊಟ್ಟರು. "ಊರಿಗೆ ಬರ್ರಿ, ಈಗ ಎಲ್ಲಾ ಸರಿ ಆಗ್ಯಾದ" ಎಂದೆ.

"ಕಾಗದ ಪೊಲೀಸರಿಗೆ ಸಾಕಾತು ಅಕ್ಕಾ, ಊರಿಗೆ ಸಾಕಾಗಲಿಲ್ಲ" ಎಂದರು. ಅಧಿಕಾರಿಗಳಾದ ತಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಅದನ್ನು ಕೇಳಿ ನನಗೆ ಇನ್ನೂ ಸಂಕಟವಾಯಿತು. ವಾಪಸು ಬರುವಾಗ ಗಾಡಿ ಬೆಣ್ಣೆಯಂತೆ ಓಡಿತು.

ನನ್ನ ಬೇಡಿಕೆ ದೊಡ್ಡದಲ್ಲ. ಸಂತೆಯ ದಿನ ತಾವು ಬಸವಕಲ್ಯಾಣಕ್ಕೆ ಬನ್ನಿ. ಬೀಗ ಬಿದ್ದ ಆ ಶೆಡ್ಡಿನ ಮುಂದೆ ನಿಂತು, ಅಂದು ಅಂಗಳದಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದಿರೋ ಅಷ್ಟೇ ಗಟ್ಟಿಯಾಗಿ ಹೇಳಿ: ಮಕ್ಬೂಲ್ ಕಳ್ಳರಲ್ಲ, ತಪ್ಪು ನನ್ನದು. ಬಳಿಕ ಅದನ್ನೇ ತಮ್ಮ ಸಹಿ ಹಾಕಿ ಪತ್ರಿಕೆಗೆ ಕೊಡಿ. ಅವರು ಮರಳಿ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬರುವುದು ಬಿಡುವುದು ಅವರ ಇಚ್ಛೆಗೆ ಬಿಟ್ಟದ್ದಾಗಬೇಕು, ತಮ್ಮ ಒಂದು ಮಾತಿಗಲ್ಲ.

ಇಂತಿ,
ಕಾನೂನಿನ ಪ್ರಕಾರ ಈಗ ಯಾವ ತಕರಾರೂ ಇಲ್ಲದ,
ಗಿರಿಜಾಬಾಯಿ
ಹುಮನಾಬಾದ್, ೨೦೦೭